ಅರಿಶಿನ ಹತ್ತಿದ ಬೋಲ್ಟು

ಹಳೆಯ ಕಾರನ್ನು ಗುಜರಿಗೆ ಕೊಡುವ ಮುನ್ನ ಅದರ ಡ್ಯಾಶ್‌ಬೋರ್ಡಿನ ಖಾನೆ ಖಾಲಿ ಮಾಡುತ್ತಿದ್ದೆ. ತಳದಲ್ಲಿ ಒಂದು ಪ್ಲಾಸ್ಟಿಕ್ ಪುಡಿಕೆ ಸಿಕ್ಕಿತು. ಬಿಚ್ಚಿದರೆ ಹಸಿರು ಕಿಲುಬು ಹಿಡಿದ ಒಂದು ಬೋಲ್ಟು, ಅದರ ತಿರುಪಿನ ಗೆರೆಗಳಲ್ಲಿ ಅರಿಶಿನ. ಮೂಗಿನ ಹತ್ತಿರ ಹಿಡಿದೆ. ಈ ಕಾರು ರಿಪೇರಿ ಮಾಡಿದ ಮಿಸ್ತ್ರಿಯ ಕೈಗಳಿಗೂ ಇದೇ ಕಿಲುಬಿನ ವಾಸನೆ ಇತ್ತು...

ಇದೇನೆಂದು ಗಂಡನನ್ನು ಕೇಳಿದೆ. ಅವರು ಹೇಳಿದ್ದನ್ನು ಕೇಳಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ಮಿಸ್ತ್ರಿ ನಮ್ಮೂರು ನಿಲಂಗಾದಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ, ಬೇವಿನ ಮರದ ಕೆಳಗೆ ನಾಲ್ಕು ತಗಡು ಹೊದಿಸಿಕೊಂಡು ಗಾಡಿಗಳ ವೈರಿಂಗ್ ಮಾಡುತ್ತಿದ್ದ. ತೊಂಬತ್ಮೂರರ ಭೂಕಂಪದಲ್ಲಿ ಕಲ್ಲಿನ ಮನೆ ಬಿದ್ದ ಮೇಲೆ ತಲೆಯ ಮೇಲೆ ತಗಡಲ್ಲದೆ ಬೇರೇನನ್ನೂ ನಂಬದ ಮನುಷ್ಯ. ಬಾಯಿ ಮಾತ್ರ ಬಲು ಜೋರು. ಗಿರಾಕಿ ಎಂಥವನೇ ಇರಲಿ, ತಪ್ಪು ಮಾಡಿದ್ದರೆ ಮುಖದ ಮೇಲೇ ಬೈಯುತ್ತಿದ್ದ.

ನಮ್ಮದು ಸೆಕೆಂಡ್ ಹ್ಯಾಂಡ್ ಕಾರು. ಓಡುತ್ತಿದ್ದ ಹಾಗೆಯೇ ಮೀಟರಿನ ದೀಪಗಳೆಲ್ಲ ಒಮ್ಮೆಲೇ ಹತ್ತಿಕೊಳ್ಳುತ್ತಿದ್ದವು, ಮುಳ್ಳುಗಳು ಬೀಳುತ್ತಿದ್ದವು, ಇಂಜಿನ್ ನಿಂತುಬಿಡುತ್ತಿತ್ತು. ಅರ್ಧ ತಾಸಿನ ಮೇಲೆ ಏನೂ ಆಗಿಲ್ಲದ ಹಾಗೆ ಮತ್ತೆ ಚಾಲೂ. ಲಾತೂರಿನ ದೊಡ್ಡ ವರ್ಕ್‌ಶಾಪಿನವರು ಸ್ಕ್ಯಾನರ್ ಹಚ್ಚಿ, ಅದು ತೋರಿಸಿದ್ದನ್ನು ಅಳಿಸಿ, "ಝಾಲಂ", ಆಯಿತು, ಎಂದು ಮರಾಠಿಯಲ್ಲಿ ಹೇಳಿ ಕಳಿಸುತ್ತಿದ್ದರು. ಎಂಟು ದಿನಕ್ಕೆ ಮತ್ತೆ ಅದೇ ಹಾಡು.

"ಬಾಯಾರ, ಈ ಗಾಡ್ಯಾಗ ನಾಕೈದು ಕಂಪ್ಯೂಟರ್ ಡಬ್ಬಿ ಅದಾವ. ಒಂದಕ್ಕೊಂದು ಮಾತಾಡ್ತಾವ. ಮಾತು ಎಲ್ಲಿ ಕಡೀತದ ಅಂತ ಹುಡುಕಬೇಕು. ಬರೀ ಅಳಿಸಿ ಕೊಡೂದು ನನ್ನ ಕೈಲೆ ಆಗಾಂಗಿಲ್ಲ," ಎಂದ ಮಿಸ್ತ್ರಿ. ನಮ್ಮ ಕಡೆ ಶಾಲೆಯ ಟೀಚರಿಗೆ ಬಾಯಿ ಎನ್ನುತ್ತಾರೆ; ಶಾಲೆಯಲ್ಲಿ ಕಲಿಸುವವಳಾದ್ದರಿಂದ ನಾನು ಊರಿಗೆಲ್ಲ ಬಾಯಿಯೇ.

ಐದು ದಿನ ಕಾರು ಅವನ ಹತ್ತಿರ ಇತ್ತು. ಇಂಜಿನ್ ಚಾಲೂ ಇಟ್ಟು ಒಂದೊಂದೇ ವೈರನ್ನು ಬೆರಳಲ್ಲಿ ಅಲುಗಾಡಿಸುತ್ತ, ಮೀಟರನ್ನೇ ನೋಡುತ್ತ ಕೂತಿರುತ್ತಿದ್ದ. ಕೊನೆಗೆ ಸಿಕ್ಕಿತು. ಆ ಡಬ್ಬಿಗಳ ಅರ್ಥಿಂಗ್ ಎಲ್ಲ ಬಾನೆಟ್ಟಿನ ಕೆಳಗೆ ಒಂದೇ ಬೋಲ್ಟಿಗೆ ಸೇರುತ್ತಿತ್ತು, ಆ ಬೋಲ್ಟು ಕಿಲುಬು ಹಿಡಿದಿತ್ತು. ಹೊಸದು ಹಾಕಿದ. ಗಂಡ ಹೋಗಿ ಕಾರು ತಂದರು, ಬೋಲ್ಟು ಕೆಟ್ಟಿತ್ತಂತೆ ಎಂದಷ್ಟೇ ಹೇಳಿದರು. ಮುಂದೆ ತಿಂಗಳುಗಟ್ಟಲೆ ಕಾರು ಒಂದು ಸಲವೂ ಕೈಕೊಡಲಿಲ್ಲ.

ಆಮೇಲೆ ಖಂಡೇನವಮಿ ಬಂತು. ಆಯುಧಪೂಜೆಗೆ ಎಲ್ಲರೂ ಗಾಡಿಯ ಮುಂದೆ ಕಾಯಿ ಒಡೆಯುತ್ತಾರೆ. ನಮ್ಮ ಅತ್ತೆಗೆ ಅಷ್ಟು ಸಾಲದು. ಬಾನೆಟ್ ಎತ್ತಿಸಿ, ಇಂಜಿನ್ನಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿಯ ನೀರನ್ನು ಅದರ ಮೇಲೇ ಸುರಿಯುತ್ತಿದ್ದರು. ಪ್ರತಿ ವರ್ಷದ ಅಭಿಷೇಕ, ಆ ವರ್ಷವೂ ಆಯಿತು. ತಂಬಿಗೆ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದವಳು ನಾನೇ.

ಮುಂದೆ ಎರಡು ತಿಂಗಳಿಗೆ, ಹೆರಿಗೆ ನೋವು ಬಂದ ನನ್ನ ತಂಗಿಯನ್ನು ಉದಗೀರಿನ ಆಸ್ಪತ್ರೆಗೆ ಒಯ್ಯುವಾಗ, ದೇವಣಿ ದಾಟಿದ ಮೇಲೆ ಕಾರು ನಿಂತಿತು. ಸೋಯಾಬೀನ್ ಚೀಲ ತುಂಬಿದ ಟೆಂಪೋದಲ್ಲಿ ಅವಳನ್ನು ಮಲಗಿಸಿಕೊಂಡು ಹೋದೆವು. ತಾಯಿ, ಮಗು ಇಬ್ಬರೂ ಉಳಿದರು, ದೇವರು ದೊಡ್ಡವನು.

ಮರುದಿನ ಗಂಡನನ್ನು ಕರೆದುಕೊಂಡು ಮಿಸ್ತ್ರಿಯ ಬೇವಿನ ಮರಕ್ಕೆ ಹೋದೆ. ಎದುರಿನ ಚಹಾದ ಅಂಗಡಿ ತುಂಬ ಜನ. "ನಮ್ಮ ಒಳ್ಳೇ ಪಾರ್ಟ್ ತಗದು ಕೆಟ್ಟಿದ್ದು ಹಾಕೀದಿ! ಕಳ್ಳ ಇದ್ದೀ ನೀ!" ಎಂದು ಕೂಗಿದೆ. ಎಲ್ಲರಿಗೂ ಬೈಯುವ ಆ ಮನುಷ್ಯ ನನಗೆ ಬೈಯಲಿಲ್ಲ. ನನ್ನ ಗಂಡನ ಮುಖ ನೋಡಿದ. ಗಂಡ ತಮ್ಮ ಚಪ್ಪಲಿ ನೋಡಿಕೊಂಡರು. ಮಿಸ್ತ್ರಿ ಕೈ ಒರೆಸಿಕೊಂಡು, "ಆತ್ರಿ ಬಾಯಾರ," ಎಂದಷ್ಟೇ ಹೇಳಿದ.

ಶಾಲೆಯ ಬಾಯಿಯೇ ಹೇಳಿದ ಮೇಲೆ ಊರು ನಂಬದೆ ಇರುತ್ತದೆಯೇ? ಬೇಸಿಗೆಯ ಹೊತ್ತಿಗೆ ಅವನು ತಗಡು ಬಿಚ್ಚಿಕೊಂಡು ಹೋದ. ಕಳ್ಳ ಓಡಿಹೋದ ಎಂದುಕೊಂಡೆ ನಾನು.

ಈಗ, ಇಷ್ಟು ವರ್ಷದ ಮೇಲೆ, ಬೋಲ್ಟು ನೋಡಿ ಗಂಡ ಬಾಯಿ ಬಿಟ್ಟರು. "ಗಾಡಿ ತರೂ ದಿನಾನ ಅಂವಾ ಹೇಳಿದ್ದ. ಬಾನೆಟ್ನ್ಯಾಗ ಕಾಯಿ ನೀರು ಹಾಕಬ್ಯಾಡ್ರಿ, ಅದ್ರಿಂದನ ಕಿಲುಬು ಹಿಡೀತದ, ಈ ಬೋಲ್ಟು ಮನ್ಯಾಗ ತೋರಸ್ರಿ ಅಂತ. ಅವ್ವಗ ಹ್ಯಾಂಗ ಹೇಳ್ಲಿ?"

ಅವ್ವನಿಗೆ ಹೇಳಲಾಗದ ಈ ಗಂಡಸು ಒಬ್ಬನ ಅನ್ನ ಹೋಗುವುದನ್ನು ನಿಂತು ನೋಡಿದರು. ಅವರ ಮೇಲೆ ಸಿಟ್ಟು. ಕೇಳಿ ತಿಳಿಯುವ ಮೊದಲೇ ಕೂಗಿದ ನನ್ನ ನಾಲಿಗೆಯ ಮೇಲೆ ಸಿಟ್ಟು. ನಮ್ಮ ಮನೆಯ ಮಾನ ಕಾಯಲು ಸುಮ್ಮನಿದ್ದ ಮಿಸ್ತ್ರಿಯ ಮೇಲೂ... ಎಲ್ಲರಿಗೂ ಬೈದವನು ನನಗೊಬ್ಬಳಿಗೆ ಬೈಯಬಾರದಿತ್ತೇ?

ಬೋಲ್ಟು ಹಿಡಿದು ಅದೇ ಚಹಾದ ಅಂಗಡಿಗೆ ಹೋದೆ. ಮಿಸ್ತ್ರಿ ಎಲ್ಲಿದ್ದಾನೆಂದು ಕೇಳಿದೆ.

"ಯಾರು, ಆ ಪಾರ್ಟ್ ಬದಲಿ ಮಾಡ್ತಿದ್ದಂವಾ? ಉಮರ್ಗಾಕ್ಕ ಹೋಗಿದ್ದ. ಹೋದ ವರ್ಷ ತೀರ್ಕೊಂಡಾನ್ರಿ."

ಕುಳಿತವರೆಲ್ಲರಿಗೂ ಕೇಳುವ ಹಾಗೆ ಹೇಳಿದೆ, ಅವನು ಕಳ್ಳನಲ್ಲ, ಸುಳ್ಳು ಹೇಳಿದವಳು ನಾನು ಎಂದು. ಬೋಲ್ಟು ತೋರಿಸಿದೆ. ಚಹಾದವನು ಅದನ್ನು ನೋಡಲೂ ಇಲ್ಲ. ಚಹಾದ ಕಪ್ಪು ನನ್ನ ಮುಂದಿಟ್ಟು, "ನಿಮ್ಮ ಮನಸ್ಸು ದೊಡ್ಡದು ಬಾಯಾರ. ಸತ್ತವನ ತಪ್ಪು ಯಾರು ಹಿಂಗ ಮುಚ್ಚತಾರ?" ಎಂದ.