ಒಲೆಗೊಂದು ಆರತಿ

ನಿನ್ನೆ ತಂಬಿಟ್ಟಿಗೆಂದು ಅಕ್ಕಿ ಹುರಿಯುತ್ತಿದ್ದೆ. ಹದ ಬಂದು ಘಮ ಎದ್ದದ್ದೇ ತಡ, ಗೇಟಿನ ಹೊರಗೆ ಡ್ರಿಲ್ ಮಿಸ್ ಸೀಟಿ ಊದಿದ ಹಾಗಾಯಿತು. ಊದುವವರು ಈಗಿಲ್ಲ. ಆದರೂ ಕೈ ತಾನಾಗಿ ಒಲೆ ಸಣ್ಣ ಮಾಡಿತು... ಅವರ ಸೀಟಿ ಕೇಳಿದರೆ ಎಂಥ ಕೆಲಸವಿದ್ದರೂ ಬಿಟ್ಟು ಹೊರಗೆ ಬರಬೇಕಿತ್ತು.

ಹೈಸ್ಕೂಲಿನಲ್ಲಿ ನಮಗೆ ಆಟ ಕಲಿಸಿದವರು. ನಿವೃತ್ತರಾದ ಮೇಲೆ ಜಕ್ಕೂರಿನ ನಮ್ಮ ಬೀದಿಯ ಕೊನೆಯ ಹೆಂಚಿನ ಮನೆಯಲ್ಲಿ ಒಬ್ಬರೇ ಇದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ.

ನನ್ನ ಗಂಡ ತೀರಿಕೊಂಡು ವರ್ಷದ ಕಾರ್ಯವೂ ಮುಗಿದಿತ್ತು. ನನ್ನ ಪಾಲಿಗೆ ಮಾತ್ರ ಹಬ್ಬ ಮತ್ತೆ ಶುರುವಾಗಲೇ ಇಲ್ಲ. ಮಹಡಿಯಲ್ಲಿದ್ದ ವಾರಗಿತ್ತಿಯ ಮನೆಯಿಂದ ಒಬ್ಬಟ್ಟು ಡಬ್ಬಿಯಲ್ಲಿ ಕೆಳಗೆ ಬರುತ್ತಿತ್ತು, ಬಾ ಎಂಬ ಕರೆ ಬರುತ್ತಿರಲಿಲ್ಲ. ನಾನೂ ಬಾಗಿಲು ಹಾಕಿಕೊಂಡು ಫ್ಯಾನ್ ನೋಡುತ್ತಾ ಮಲಗಿರುತ್ತಿದ್ದೆ. ಆ ಬೇಸಿಗೆಯ ಒಂದು ಬೆಳಿಗ್ಗೆ ಗೇಟಿನಲ್ಲಿ ಸೀಟಿ ಕೇಳಿಸಿತು. ಮಿಸ್ ನಿಂತಿದ್ದರು. ಹಿಂದೆ ನನ್ನ ಇಬ್ಬರು ಶಾಲೆಯ ಗೆಳತಿಯರು, ಒಬ್ಬಳು ಬ್ಯೂಟಿ ಪಾರ್ಲರಿನವಳು, ಇನ್ನೊಬ್ಬಳು ಬ್ಯಾಂಕಿನವಳು.

"ಹಳೇ ಚೂಡಿದಾರ್ ಹಾಕ್ಕೊಂಡ್ ಬಾರೇ. ಈಜೋಕೆ ಹೋಗ್ಬೇಕು."

ರಾಜಾನುಕುಂಟೆಯಲ್ಲಿ ಅವರ ತಮ್ಮನ ತೋಟದ ಬಾವಿ. ಬೆನ್ನಿಗೆ ಖಾಲಿ ಎಣ್ಣೆ ಕ್ಯಾನ್ ಕಟ್ಟಿ, ಏನೋ ಮಾತಾಡುತ್ತಲೇ ನನ್ನನ್ನು ತಳ್ಳಿಬಿಟ್ಟರು. ಮೇಲಕ್ಕೆ ಬಂದವಳು "ಏ ಮುದುಕೀ, ಸಾಯಿಸ್ತೀಯಾ?" ಎಂದು ಕಿರುಚಿದೆ. ಕೂಗು ಬಾವಿಯ ಕಲ್ಲಿಗೆಲ್ಲ ಬಡಿದು ನನಗೇ ವಾಪಸ್ ಬಂತು. ಗಂಡ ಹೋದ ಮೇಲೆ ನನ್ನ ದನಿಯನ್ನು ನಾನು ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು. ಮೆಟ್ಟಿಲ ಮೇಲೆ ಕೂತಿದ್ದ ಮಿಸ್ "ಗಂಟಲು ಚೆನ್ನಾಗಿದೆ, ಈಗ ಕಾಲ್ ಆಡ್ಸು" ಎಂದರು. ವಾಪಸ್ ಬರುವಾಗ ದೊಡ್ಡಬಳ್ಳಾಪುರ ರಸ್ತೆಯಲ್ಲಿ ತಟ್ಟೆ ಇಡ್ಲಿ ತಿಂದೆವು. ನನ್ನದು ಸಾಲದೆ ಬ್ಯಾಂಕಿನವಳ ತಟ್ಟೆಗೂ ಕೈ ಹಾಕಿದೆ.

ಆಮೇಲೆ ನಮ್ಮನ್ನು ಹಿಡಿಯುವವರೇ ಇರಲಿಲ್ಲ. ಕೆರೆ ಏರಿಯ ಮೇಲೆ ಸೈಕಲ್ ಕಲಿತು ಮಂಡಿ ತರಚಿಕೊಂಡದ್ದು... ರಾಮನವಮಿಗೆ ಎರಡು ಸ್ಕೂಟರಿನಲ್ಲಿ ಹೊರಟು, ಯಲಹಂಕದಿಂದ ಹುಣಸಮಾರನಹಳ್ಳಿವರೆಗೆ ಪೆಂಡಾಲ್ ಕಂಡಲ್ಲೆಲ್ಲ ನಿಲ್ಲಿಸಿ ಪಾನಕ ಕುಡಿದದ್ದು... ಹೊಟ್ಟೆಯಲ್ಲಿ ಪಾನಕ ಕುಲುಕಿ, ನಗು ತಡೆಯಲಾಗದೆ ರಸ್ತೆ ಬದಿಯಲ್ಲೇ ಕೂತದ್ದು... ಗಂಡ ಸತ್ತವಳು ಹಲ್ಲು ಬಿಟ್ಟುಕೊಂಡು ಓಡಾಡುತ್ತಾಳೆ ಎಂದು ಬೀದಿಯಲ್ಲಿ ಆಡಿಕೊಂಡರು. ಆಡಿಕೊಳ್ಳಲಿ. ಅವರ್ಯಾರೂ ನನ್ನ ಜೊತೆ ಫ್ಯಾನ್ ನೋಡಲು ಬಂದಿರಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಊರಹಬ್ಬ. ನಮ್ಮಲ್ಲಿ ಗ್ರಾಮದೇವತೆಗೆ ಒಲೆಗೊಂದು ಆರತಿ. ತಂಬಿಟ್ಟನ್ನು ಗುಡ್ಡೆಯಾಗಿ ಕಟ್ಟಿ, ಅದರ ನೆತ್ತಿಯಲ್ಲಿ ತುಪ್ಪದ ದೀಪ ಹಚ್ಚಿ, ಮನೆಯ ಹೆಂಗಸು ತಲೆಯ ಮೇಲೆ ಹೊತ್ತು ತಮಟೆಯ ಹಿಂದೆ ಗುಡಿಗೆ ನಡೆಯಬೇಕು. ಆರತಿ ಬಾರದ ಮನೆ ಊರಿನ ಪಾಲಿಗೆ ಮನೆಯೇ ಅಲ್ಲ. ಹೊರುವವಳಿಗೆ ಗಂಡ ಇರಬೇಕು ಎಂಬುದು ಯಾರೂ ಬಾಯಿಬಿಟ್ಟು ಹೇಳದ ಕಟ್ಟಳೆ. ಆ ಸಲ ನನ್ನ ಮಾವನ ಅಣ್ಣ, ಊರಿನ ಯಜಮಾನರು, ಮನೆಗೇ ಬಂದು ಹೇಳಿದರು.

"ನಿಂದ್ ಬೇರೆ ಬ್ಯಾಡ ಕಣಮ್ಮ. ಮೇಲ್ಗಡೆ ಸೊಸೆ ಒತ್ಕೊಂಡ್ರೆ ನಿಂದೂ ಅದ್ರಲ್ಲೇ ಸೇರ್ತದೆ."

ನನ್ನ ಒಲೆ ಆರಿತು ಎಂದ ಹಾಗಿತ್ತು. ಸಿಟ್ಟಿನಲ್ಲೇ ತಂಬಿಟ್ಟು ಕಟ್ಟಿದೆ. ಆದರೆ ಹೊಸ್ತಿಲು ದಾಟಲು ಕಾಲು ಬರಲಿಲ್ಲ. ಸಂಜೆ ತಮಟೆ ಹತ್ತಿರವಾಗುವಾಗ ಗೇಟಿನಲ್ಲಿ ಸೀಟಿ. ಮಿಸ್ ತಮ್ಮ ಟವೆಲನ್ನೇ ಸಿಂಬಿ ಸುತ್ತಿ ನನ್ನ ತಲೆಯ ಮೇಲಿಟ್ಟರು, ಗೆಳತಿಯರು ಹರಿವಾಣ ಎತ್ತಿಟ್ಟು ಎರಡೂ ಪಕ್ಕ ನಿಂತರು. ಬೀದಿಗಿಳಿದಾಗ ಯಜಮಾನರು ಅಡ್ಡ ಬಂದರು.

"ಯಜಮಾನ್ರೇ, ಇವಳ ಮನೇಲಿ ಒಲೆ ಉರೀತಿದ್ಯೋ ಇಲ್ವೋ?" ಎಂದರು ಮಿಸ್.

"ಉರೀತದೆ..."

"ಒಲೆ ಇದೆ, ತಂಬಿಟ್ಟಿದೆ, ಹೊರೋಕೆ ತಲೆ ಇದೆ. ಇನ್ನೇನ್ ಬೇಕು?"

ಯಜಮಾನರು ತಮಟೆಯವರ ಕಡೆ ನೋಡಿದರು. ತಮಟೆ ನಿಲ್ಲಲಿಲ್ಲ. ಮಿಸ್ ನನ್ನ ಪಕ್ಕದಲ್ಲೇ "ಲೆಫ್ಟ್ ರೈಟ್... ಮುಖ ಎತ್ತು, ಮುಂದೆ ನೋಡು" ಎನ್ನುತ್ತಾ ನಡೆದರು. ಎಷ್ಟೋ ದಿನದಿಂದ ತಲೆ ತಗ್ಗಿಸಿಕೊಂಡೇ ಓಡಾಡಿದ ಬೀದಿ ಅದು. ಅವತ್ತು ತಗ್ಗಿಸುವಂತಿರಲಿಲ್ಲ, ತಗ್ಗಿಸಿದರೆ ದೀಪ ಬೀಳುತ್ತಿತ್ತು.

ಗುಡಿಯಿಂದ ಬರುವಾಗ, "ನಿಮ್ಮನೆ ಆರತಿ ಯಾವತ್ತೂ ಬಂದಿಲ್ವಲ್ಲ ಮಿಸ್?" ಎಂದೆ. ಅವರು ತಂಬಿಟ್ಟು ಮುರಿದು ಬಾಯಿಗೆ ಹಾಕಿಕೊಂಡರು. "ಮುಂದಿನ್ ವರ್ಷ ನೋಡೋಣ ಬಿಡೇ."

ಮುಂದಿನ ವರ್ಷಕ್ಕೆ ಅವರಿರಲಿಲ್ಲ. ಮಲಗಿದವರು ಬೆಳಿಗ್ಗೆ ಏಳಲೇ ಇಲ್ಲ. ತೋಟ ಲೇಔಟ್ ಆಯಿತು, ಬಾವಿ ಮುಚ್ಚಿದರು. ವರ್ಷಗಟ್ಟಲೆ ಖಾಲಿ ಬಿದ್ದಿದ್ದ ಹೆಂಚಿನ ಮನೆಯನ್ನೂ ಹೋದ ತಿಂಗಳು ಕೆಡವಿದರು. ಜೆಸಿಬಿ ಮುಂದೆ ನಿಂತು ಅತ್ತೆ. ಅತ್ತು ಮುಗಿದ ಮೇಲೆ ವಿಪರೀತ ಸಿಟ್ಟು ಬಂತು.

ಅದಕ್ಕೇ ನಿನ್ನೆ ಊರಹಬ್ಬಕ್ಕೆ ಅಕ್ಕಿ ಎರಡರಷ್ಟು ಹುರಿದೆ. ಸಂಜೆ ಒಂದೇ ಹರಿವಾಣದಲ್ಲಿ ಎರಡು ತಂಬಿಟ್ಟು, ಎರಡು ದೀಪ. ಯಜಮಾನರು ಈಗ ಕೋಲೂರಿ ನಡೆಯುತ್ತಾರೆ. ಎರಡನೆಯದನ್ನು ತೋರಿಸಿ "ಇದ್ಯಾರ್ದಮ್ಮ?" ಎಂದರು.

"ಮಿಸ್ ಮನೇದು, ದೊಡ್ಡಮಾವ."

"ಆ ಮನೇನೇ ಕೆಡವಿದ್ರಲ್ಲ. ಒಲೆ ಎಲ್ಲೈತೆ?"

"ನನ್ನೊಲೇಲೇ ಮಾಡ್ದೆ. ಹೊರೋಕೆ ತಲೆ ಇದೆಯಲ್ಲ."

ಅವರು ಪಕ್ಕಕ್ಕೆ ಸರಿದರು. ಎರಡರ ಭಾರಕ್ಕೆ ಕುತ್ತಿಗೆ ನೋಯುತ್ತಿತ್ತು. ಪಕ್ಕದಲ್ಲಿ ಲೆಫ್ಟ್ ರೈಟ್ ಎನ್ನುವವರು ಇರಲಿಲ್ಲ... ಮುಖ ಎತ್ತಿ, ಮುಂದೆ ನೋಡುತ್ತಾ ನಡೆದೆ.