ಹಿಂದಿ ಟೀಚರ್ ಆರಿಸಿದ ರೇಡಿಯೋ

ಕೊಪ್ಪದ ಅಂಗಡಿಯವರು ಡಬ್ಬಿ ತೆರೆದಾಗ ಮೊದಲು ಬಂದದ್ದು ಹೊಸ ರೆಕ್ಸಿನ್ನಿನ ವಾಸನೆ. ಅಂಗೈಯಷ್ಟೇ ಅಗಲದ ರೇಡಿಯೋ, ಅದಕ್ಕೊಂದು ಕಪ್ಪು ಚೀಲ, ಚೀಲದ ಬಾಯಿಗೆ ಒಂದು ಒತ್ತುಗುಂಡಿ. ನಾನು ರೇಡಿಯೋವನ್ನು ಅಲ್ಲೇ ಬಿಟ್ಟು ಚೀಲವನ್ನು ಮೂಗಿನ ಹತ್ತಿರ ಹಿಡಿದೆ. ಅಂಗಡಿಯವರಿಗೆ ಅದು ವಿಚಿತ್ರವಾಗಿ ಕಂಡಿರಬೇಕು. ಅವರು ಇನ್ನೊಂದು ಡಬ್ಬಿಯ ಅಂಟುಪಟ್ಟಿ ಬಿಡಿಸತೊಡಗಿದರು.

ಈ ಬೇಸಿಗೆ ರಜೆಯಲ್ಲಿ ಜೊತೆಯ ಅಧ್ಯಾಪಕಿಯರೊಂದಿಗೆ ಉತ್ತರದ ಬೆಟ್ಟಗಳ ಕಡೆ ಹೋಗುವುದೆಂದಾಗಿದೆ. ಅಲ್ಲಿ ಮೊಬೈಲು ಸಿಗ್ನಲ್ ಸಿಗದ ಊರುಗಳೇ ಹೆಚ್ಚಂತೆ. ಶಾರ್ಟ್‌ವೇವ್ ಇರುವ ಪುಟ್ಟ ರೇಡಿಯೋ ಬೇಕು ಎಂದು ನಾನಿರುವ ಶೃಂಗೇರಿಯಲ್ಲಿ ಕೇಳಿದರೆ ಎಲ್ಲೂ ಇರಲಿಲ್ಲ. ಕೊಪ್ಪದ ಇವರು ಮಾತ್ರ, ಈಗ ಯಾರು ಮೇಡಂ ಇದನ್ನೆಲ್ಲ ಕೇಳ್ತಾರೆ ಎಂದು ನಕ್ಕು, ಎರಡು ತರಹದ್ದನ್ನು ತರಿಸಿದ್ದರು. ಒಂದನ್ನು ಆರಿಸಿಕೊಂಡು ಹೋಗುವುದಷ್ಟೇ ನನ್ನ ಕೆಲಸವಾಗಿತ್ತು. ಆದರೆ ಆ ವಾಸನೆ...

ಹಿಂದಿ ಟೀಚರ್ ಕೈಯಲ್ಲಿದ್ದ ರೇಡಿಯೋದ ಚೀಲಕ್ಕೂ ಇದೇ ವಾಸನೆಯಿತ್ತು.

ನರಸಿಂಹರಾಜಪುರದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಹಾಲಿನವನಿಂದ ಹಿಡಿದು ನನ್ನ ಅಜ್ಜಿಯವರೆಗೆ ಎಲ್ಲರೂ ಅವರನ್ನು ಹಿಂದಿ ಟೀಚರ್ ಎಂದೇ ಕರೆಯುತ್ತಿದ್ದರು. ಸೀತೂರಿನಿಂದ ಬರುತ್ತಿದ್ದ ಅವರ ತಮ್ಮನೂ ಕೆಲವೊಮ್ಮೆ ಮರೆತು ಹಾಗೇ ಅಂದುಬಿಡುತ್ತಿದ್ದರು. ಟೀಚರಿಗೆ ಮದುವೆಯಾಗಿರಲಿಲ್ಲ. ಎರಡು ಕೋಣೆಯ ಆ ಬಾಡಿಗೆ ಮನೆಯಲ್ಲಿ ಅವರ ಜೊತೆಗಿದ್ದದ್ದು ಒಂದು ದೊಡ್ಡ ರೇಡಿಯೋ ಮಾತ್ರ. ಅದರ ಮೇಲೆ ಅವರೇ ಹೆಣೆದ ಕ್ರೋಶಾ ಬಟ್ಟೆ ಇರುತ್ತಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಅವರು ಎಲ್ಲೆಲ್ಲಿಂದಲೋ ಬರುತ್ತಿದ್ದ ಹಿಂದಿ ಪ್ರಸಾರಗಳನ್ನು ಹಿಡಿಯುತ್ತಿದ್ದರು. ದನಿ ಉಬ್ಬುತ್ತ, ತಗ್ಗುತ್ತ, ನಡುವೆ ಮಾಯವಾಗಿ ಮತ್ತೆ ಮೂಡುತ್ತ ಗೋಡೆಯ ಈಚೆಗೆ ನನ್ನ ಹಾಸಿಗೆಯವರೆಗೂ ಬರುತ್ತಿತ್ತು. ನಾನು ಹಿಂದಿ ಕಲಿತದ್ದು ಅರ್ಧ ಅವರಿಂದ, ಇನ್ನರ್ಧ ಆ ಗೋಡೆಯಿಂದ.

ಜೀವಮಾನವೆಲ್ಲ ಹಿಂದಿ ಕಲಿಸಿದ ಅವರು ದಾವಣಗೆರೆಯಿಂದ ಆಚೆಗೆ ಹೋದವರಲ್ಲ. ಹಿಂದಿಯನ್ನು ಮನೆಮಾತಾಗಿ ಆಡುವ ಒಂದು ಬೀದಿಯನ್ನೂ ಅವರು ಕಂಡಿರಲಿಲ್ಲ. ನಿವೃತ್ತರಾದ ವರ್ಷ ಒಂದು ದಿನ ನಮ್ಮ ಜಗಲಿಯಲ್ಲಿ ಕೂತು, ಉತ್ತರದ ಕಡೆಗೆ ರೈಲಿನ ಟಿಕೆಟ್ ಮಾಡಿಸಿದ್ದೇನೆ, ಒಬ್ಬಳೇ ಹೋಗುತ್ತೇನೆ ಎಂದರು. ಅಮ್ಮ ಹೌಹಾರಿದಳು. ತಮ್ಮನಂತೂ ಸೀತೂರಿನಿಂದ ಓಡಿ ಬಂದು ಜಗಳವಾಡಿದರು, ಈ ವಯಸ್ಸಿನಲ್ಲಿ ಏನಾದರೂ ಆದರೆ ಹೆಣ ತರುವುದಕ್ಕೂ ಯಾರೂ ಇಲ್ಲ ಎಂದರು. ಟೀಚರ್ ತಮ್ಮನಿಗೆ ಕಾಫಿ ಕೊಟ್ಟರು. ಬಸ್ಸಿನವರೆಗೆ ಕಳಿಸಿ ಬಂದು ನನ್ನ ಹತ್ತಿರ ಮಾತ್ರ ಹೇಳಿದರು.

"ನಾನು ಕಲಿಸಿದ್ದು ಬೀದೀಲಿ ಆಡೋ ಭಾಷೆ ಹೌದೋ ಅಲ್ವೋ ಒಂದ್ಸಲ ಕೇಳ್ಬೇಕು ಮಾರಾಯ್ತಿ. ಅಷ್ಟೇ ನಂಗೆ."

ಅಷ್ಟು ದೂರ ಹೋಗುವಾಗ ಅವರಿಗೆ ಬೇಕಾದದ್ದು ಒಂದು ಸಣ್ಣ ರೇಡಿಯೋ. ಇಲ್ಲಿದ್ದಾಗ ಹಿಂದಿ ಕೇಳುತ್ತಿದ್ದವರಿಗೆ ಅಲ್ಲಿ ಹೋದ ಮೇಲೆ ಕನ್ನಡ ಕೇಳಬೇಕಿತ್ತು. ಅಷ್ಟು ದೂರಕ್ಕೆ ಮುಟ್ಟುವುದು ಶಾರ್ಟ್‌ವೇವ್ ಒಂದೇ ಎನ್ನುತ್ತಿದ್ದರು. ಅವರ ಕರಾರುಗಳು ಬೇರೆಯೇ ಇದ್ದವು. ಮಡಿಚಿದ ಎರಡು ಸೀರೆಗಳ ನಡುವೆ ಕೂರಬೇಕು. ಯಾವ ಗೂಡಂಗಡಿಯಲ್ಲೂ ಸಿಗುವ ಪೆನ್ಸಿಲ್ ಸೆಲ್ಲಿನಲ್ಲಿ ನಡೆಯಬೇಕು. ಕತ್ತಲಲ್ಲಿ ಬೆರಳಿಗೇ ಗುಂಡಿ ಗೊತ್ತಾಗಬೇಕು. ಚೀಲದೊಳಗೆ ತಾನಾಗಿ ಹಾಡತೊಡಗಬಾರದು, ರೈಲಿನಲ್ಲಿ ಮಾನ ಹೋಗುತ್ತದೆ.

ನಾನು ಆಗಷ್ಟೇ ಬಿ.ಎಸ್ಸಿ. ಪರೀಕ್ಷೆ ಬರೆದು ಮನೆಯಲ್ಲಿದ್ದೆ. ಇಬ್ಬರೂ ಬಸ್ಸು ಹತ್ತಿ ಕೊಪ್ಪಕ್ಕೆ ಹೋದೆವು. ಅಲ್ಲಿ ಆಗ ಬೇರೊಂದು ಅಂಗಡಿಯಿತ್ತು. ಅದರ ಮಾಲೀಕರು ವಯಸ್ಸಾದವರು, ಎರಡು ಸೆಟ್ ತೆಗೆದಿಟ್ಟರು. ಒಂದು ಮುಳ್ಳು ಓಡುವ ಹಳೆಯ ತರಹದ್ದು, ರೆಕ್ಸಿನ್ ಚೀಲದಲ್ಲಿದ್ದದ್ದು. ಇನ್ನೊಂದು ಅಂಕಿ ತೋರಿಸುವ ಹೊಸದು, ಗುಂಡಿ ಒತ್ತಿದರೆ ತಾನೇ ಹುಡುಕುವಂಥದ್ದು. ಅಂಗಡಿಯಲ್ಲಿ ಹಚ್ಚಿದರೆ ಎರಡರಲ್ಲೂ ಟ್ಯೂಬ್‌ಲೈಟಿನ ಗುಂಯ್‌ಗುಂಯ್ ಬಿಟ್ಟು ಬೇರೇನೂ ಇಲ್ಲ. ಆಗ ಅವರು, ಎರಡನ್ನೂ ಮನೆಗೆ ತಗೊಂಡು ಹೋಗಿ ಟೀಚರ್, ನೋಡಿ, ಬೇಡದ್ದನ್ನು ವಾಪಸ್ ತನ್ನಿ ಎಂದರು. ಅವರ ಮಗಳೂ ಇವರ ಹತ್ತಿರ ಓದಿದವಳಂತೆ. ಸೀರೆಯನ್ನೋ ಬಳೆಯನ್ನೋ ಹಾಗೆ ಕೊಟ್ಟು ಕಳಿಸುವುದು ಆಗೆಲ್ಲ ಇತ್ತು. ರೇಡಿಯೋ ಹಾಗೆ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮನೆಯಲ್ಲೂ ಅದೇ ತೊಂದರೆ. ಹಿಂದಿನ ಬೀದಿಯ ಹಿಟ್ಟಿನ ಗಿರಣಿ ಓಡಿದರೆ ಎಲ್ಲ ಸ್ಟೇಷನ್ನುಗಳೂ ಹಿಟ್ಟಾಗುತ್ತಿದ್ದವು. ಮರವಿಲ್ಲದ, ಕರೆಂಟಿನ ತಂತಿಯಿಲ್ಲದ ಬಯಲು ಬೇಕು ಎಂದರು ಟೀಚರ್. ಅಂಥ ಬಯಲು ನಮ್ಮೂರಲ್ಲಿ ಎಲ್ಲಿದೆ ಎನ್ನುವುದು ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ಭದ್ರೆಯ ಹಿನ್ನೀರು ಇಳಿದು ದೂರ ದೂರದವರೆಗೂ ಗರಿಕೆ ಹಬ್ಬಿದ ನೆಲ ಮೇಲೆ ಬರುತ್ತದೆ. ಅಲ್ಲಲ್ಲಿ ಮುಳುಗಿ ಸತ್ತ ಹಳೆಯ ಮರಗಳ ಬೊಡ್ಡೆ. ದಡದ ಹತ್ತಿರ ಒಂದೇ ಒಂದು ಜೀವಂತ ಮತ್ತಿ ಮರ. ಸಂಜೆಗೆ ದೂರದ ಸ್ಟೇಷನ್ನುಗಳು ಗಟ್ಟಿಯಾಗುತ್ತವೆ ಎಂದು, ಬಿಸಿಲು ಇಳಿಯುವ ಹೊತ್ತಿಗೆ ಚಾಪೆ ಹಿಡಿದು ಅಲ್ಲಿಗೆ ಹೋದೆವು. ರೇಡಿಯೋಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ಸಿಡಿಲಿಗೂ ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. ನಮ್ಮ ಮೇಲೆ ಆಗಿನ್ನೂ ಬಿಸಿಲಿತ್ತು.

ಟೀಚರ್ ತೆಳು ತಾಮ್ರದ ತಂತಿಯೊಂದನ್ನು ತಂದಿದ್ದರು. ಅದರ ಒಂದು ತುದಿಯನ್ನು ಬೊಡ್ಡೆಗೆ ಸುತ್ತಿ ಇನ್ನೊಂದನ್ನು ರೇಡಿಯೋದ ಏರಿಯಲ್ ಕಡ್ಡಿಗೆ ಸಿಕ್ಕಿಸಿ, ನೀರಿನ ಕಡೆ ಮುಖ, ಬೆಟ್ಟದ ಕಡೆ ಬೆನ್ನು ಮಾಡಿ ಕೂತರು. ನಾನು ಹೊಸ ಸೆಟ್ ಹಿಡಿದೆ. ಅದರಲ್ಲಿ ದನಿ ತಿಳಿಯಾಗಿತ್ತು. ಅವರ ಮುಳ್ಳಿನ ಸೆಟ್ ಮಾತ್ರ ಆಗಾಗ ಚಟ್ ಅನ್ನುತ್ತಿತ್ತು. ಸ್ವಲ್ಪ ಸುಮ್ಮನಿದ್ದು ಮತ್ತೆ ಚಟ್. ಲೂಸ್ ಕಾಂಟ್ಯಾಕ್ಟ್ ಇರಬೇಕು ಎಂದೆ ನಾನು. ಅವರು ಬೆನ್ನು ತಟ್ಟಿದ ಹಾಗೆ ರೇಡಿಯೋವನ್ನು ತಟ್ಟಿದರು, ಗುಂಡಿ ಹಿಂದೆ ಮುಂದೆ ತಿರುಗಿಸಿದರು.

"ಇದಕ್ಕೆ ಕೆಮ್ಮು ಹಿಡಿದಿದೆ ಮಾರಾಯ್ತಿ. ನಿನ್ನದೇ ಸೈ," ಎಂದರು.

ಹೊಸ ಸೆಟ್ಟೇ ಆಗಲಿ ಎಂದು ಇಬ್ಬರೂ ಒಪ್ಪಿದೆವು. ಏಳಬಹುದಿತ್ತು. ಆದರೆ ಅಷ್ಟರಲ್ಲಿ ಹೊಸದರಲ್ಲಿ ಒಂದು ಹಳೆಯ ಹಾಡು ಬಂತು, ಅದು ಮುಗಿಯಲಿ ಎಂದು ಕೂತೆವು. ಆ ಹಾಡು ಬರದೇ ಇದ್ದಿದ್ದರೆ ಎಂದು ನಾನು ಈಗಲೂ ಯೋಚಿಸುತ್ತೇನೆ. ಟೀಚರ್ ಚಾಪೆಯ ಮೂಲೆಗೆ ಹಾರಿದ ತಮ್ಮ ಕರ್ಚೀಫು ಹಿಡಿಯಲು ಹಿಂದೆ ತಿರುಗಿದರು. ಬೆಟ್ಟದ ಹಿಂದಿನ ಆಕಾಶ ಮಸಿಯಾಗಿತ್ತು. ಅಲ್ಲಿ ಬೆಳಕು ಹಾರಿದ್ದೂ ಅವರ ಕೈಯಲ್ಲಿದ್ದ ರೇಡಿಯೋ ಚಟ್ ಎಂದದ್ದೂ ಒಂದೇ ಕ್ಷಣ. ಇನ್ನೊಂದು ಸಲ ಬೆಳಕು, ಇನ್ನೊಂದು ಸಲ ಚಟ್.

"ಅದು ಕೆಟ್ಟಿದ್ದಲ್ಲ," ಎಂದರು ಟೀಚರ್, ತೀರ ಮೆಲ್ಲಗೆ. "ಮಿಂಚನ್ನ ಹೇಳ್ತಾ ಇದೆ. ಏಳು."

ಅಲ್ಲಿಂದ ಮುಂದಿನದು ನನಗೆ ಕ್ರಮವಾಗಿ ಬರುವುದೇ ಇಲ್ಲ. ಎಷ್ಟು ಸಲ ಹಿಂದಕ್ಕೆ ಹೋಗಿ ನೋಡಿದರೂ ತುಂಡು ತುಂಡಾಗಿಯೇ ಇದೆ. ತಂತಿ ಕಿತ್ತದ್ದು ನೆನಪಿದೆ. ಗಾಳಿ ಎದ್ದು ಚಾಪೆ ನೀರಿನ ಕಡೆ ಉರುಳಿದ್ದು ನೆನಪಿದೆ. ದಪ್ಪ ಹನಿಗಳು. ನಾವಿಬ್ಬರೂ ಓಡಿದ್ದು ಆ ಮತ್ತಿ ಮರದ ಕಡೆಗೇ. ಮರದ ಕೆಳಗೆ ನಿಲ್ಲಬಾರದು ಎಂದು ಒಬ್ಬರು ಮಕ್ಕಳಿಗೆ ಹೇಳಿದವರು, ಇನ್ನೊಬ್ಬಳು ಓದಿ ಪರೀಕ್ಷೆ ಬರೆದವಳು. ತಲೆಗೆ ಗೊತ್ತಿದ್ದದ್ದು ಕಾಲಿಗೆ ಗೊತ್ತಿರಲಿಲ್ಲ. ರೇಡಿಯೋದ ಪಟ್ಟಿ ಟೀಚರ್ ಮಣಿಕಟ್ಟಿನಲ್ಲಿ ಸಿಕ್ಕಿಕೊಂಡಿತ್ತು, ಅದನ್ನು ಆರಿಸಿರಲಿಲ್ಲ. ಓಡುತ್ತಿದ್ದ ಹಾಗೆ ಅದರ ಚಟ್ ಚಟ್ ಒಂದಕ್ಕೊಂದು ಸೇರಿ, ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಒಂದೇ ಸಮನೆ ಸಿಡಿಯತೊಡಗಿತು. ಆಮೇಲೆ ಸಿಡಿತವೂ ನಿಂತು ಉದ್ದಕ್ಕೆ ಸರ್ರ್ ಎಂದಿತು.

ಟೀಚರ್ ನಿಂತುಬಿಟ್ಟರು. ನನ್ನ ಮಣಿಕಟ್ಟು ಹಿಡಿದು ಪಕ್ಕದಲ್ಲಿದ್ದ ಒಣ ತೊರೆಯ ತಗ್ಗಿಗೆ ಎಳೆದರು. ಇಬ್ಬರೂ ಮಂಡಿಗೆ ತಲೆ ಕೊಟ್ಟು ಕುಕ್ಕರಗಾಲಲ್ಲಿ ಕೂತೆವು. ಕೂತೆವೋ, ಕೂರುತ್ತಿದ್ದೆವೋ... ಬೆಳಕು ಕಣ್ಣಿನ ಒಳಗಿನಿಂದಲೇ ಬಂದ ಹಾಗಿತ್ತು. ಶಬ್ದ ನೆನಪಿಲ್ಲ. ಶಬ್ದ ಇಲ್ಲದೇ ಹೋದದ್ದು ನೆನಪಿದೆ. ತಲೆ ಎತ್ತಿದಾಗ ಮತ್ತಿ ಮರದ ತೊಗಟೆ ಮೇಲಿನಿಂದ ಬುಡದವರೆಗೆ ಸೀಳಿ ಬೆಳ್ಳಗೆ ಕಾಣುತ್ತಿತ್ತು. ಬುಡದಲ್ಲಿ ಗರಿಕೆ ಹೊಗೆಯಾಡುತ್ತಿತ್ತು. ನಾವು ನಿಲ್ಲಬೇಕೆಂದಿದ್ದ ಜಾಗ ಅದು.

ಮಳೆ ತೆಳುವಾಗುವವರೆಗೂ ಅವರು ನನ್ನ ಕೈ ಬಿಡಲಿಲ್ಲ. ಅವರ ಒಂದು ಚಪ್ಪಲಿ ಎಲ್ಲೋ ಹೋಗಿತ್ತು. ಊರಿನ ಏರು ಹತ್ತುವಾಗ ಒಂದು ಕಲ್ಲಿನ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಅತ್ತರೋ, ಮಳೆ ಒರೆಸಿಕೊಂಡರೋ ಗೊತ್ತಾಗಲಿಲ್ಲ. ಆಮೇಲೆ ಹೇಳಿದರು.

"ತಮ್ಮಂಗೆ ಹೇಳ್ಬೇಡ. ನಿಮ್ಮಮ್ಮಂಗೂ ಬೇಡ. ಗೊತ್ತಾದ್ರೆ ನನ್ನನ್ನ ಎಲ್ಲಿಗೂ ಬಿಡಲ್ಲ."

ಹೇಳಲಿಲ್ಲ. ಕೆಸರಲ್ಲಿ ಜಾರಿ ಬಿದ್ದೆವು ಎಂದೆ. ಅಮ್ಮ ನಂಬಿದಳು.

ಮರುದಿನ ಅವರು ಹೊಸ ಸೆಟ್ಟನ್ನು ಒರೆಸಿ ವಾಪಸ್ ಕೊಟ್ಟು, ಕೆಮ್ಮಿನ ಸೆಟ್ಟನ್ನು ಇಟ್ಟುಕೊಂಡರು. ಆ ಹಿರಿಯ ಅಂಗಡಿಯವರಿಗೆ ಆಶ್ಚರ್ಯ. ಇದರಲ್ಲಿ ಗಲಾಟೆ ಜಾಸ್ತಿಯಲ್ವಾ ಎಂದದ್ದಕ್ಕೆ ಟೀಚರ್, ಬಾಯಿ ಬಿಟ್ಟು ಹೇಳೋರು ಜೊತೆಗಿರೋದು ಒಳ್ಳೇದು ಎಂದಷ್ಟೇ ಅಂದರು. ತರಗತಿಯಲ್ಲಿ ಮಾತಾಡಿದ ಹಾಗೆ ಗಂಭೀರವಾಗಿ.

ಹೊರಡುವ ದಿನ ಮೋಡವಿತ್ತು. ನಾನು ಅವರ ಪೆಟ್ಟಿಗೆ ಹಿಡಿದು ಅಂಗಳದಲ್ಲಿ ನಿಂತಿದ್ದೆ. ಟೀಚರ್ ಹೊಸಿಲಿನ ಒಳಗೇ ನಿಂತಿದ್ದರು, ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ, ಮತ್ತೆ ಮತ್ತೆ ಅದನ್ನೇ ಸರಿಮಾಡಿಕೊಳ್ಳುತ್ತ. ಬಸ್ಸಿನ ಹೊತ್ತಾಗುತ್ತಿತ್ತು. ಅವರ ಕಾಲು ಹೊಸಿಲು ದಾಟುತ್ತಿಲ್ಲ ಎಂದು ನನಗೆ ಆಗ ಅರ್ಥವಾಯಿತು. ನನ್ನ ಕಾಲೂ ಆ ದಿನಗಳಲ್ಲಿ ಹಾಗೇ ಆಗಿತ್ತು, ಮೋಡ ಕಂಡರೆ ಹಿತ್ತಲ ಬಚ್ಚಲಿಗೆ ಹೋಗುವುದಕ್ಕೂ ಹೆದರುತ್ತಿದ್ದೆ. ಕೊನೆಗೆ ಅವರೇ ಚೀಲದಿಂದ ರೇಡಿಯೋ ತೆಗೆದು, ಕಡ್ಡಿ ಎಳೆದು, ಹಚ್ಚಿ ಕಿವಿಗೆ ಹಿಡಿದರು. ಕಣ್ಣು ಮುಚ್ಚಿ ಕೇಳಿದರು. ಯಾವುದೋ ಊರಿನ ಯಾರದೋ ಮಾತು ತೇಲುತ್ತ ಬರುತ್ತಿತ್ತು. ನಡುವೆ ಒಂದೂ ಚಟ್ ಇರಲಿಲ್ಲ.

"ಏನೂ ಹೇಳ್ತಿಲ್ಲ. ಬಾ, ಹೋಗೋಣ," ಎಂದು ಹೊಸಿಲು ದಾಟಿದರು.

ಅವರು ಹೋದರು, ನೋಡಿದರು, ನಗುತ್ತ ಬಂದರು. ಅಲ್ಲಿಯ ಚಹಾ ಅಂಗಡಿಯವನು ಇವರ ಮಾತು ಕೇಳಿ, ಮಾತಾಜಿ ರೇಡಿಯೋದಲ್ಲಿ ವಾರ್ತೆ ಓದುವವರಾ ಎಂದು ಕೇಳಿದನಂತೆ. ಆ ಕತೆಯನ್ನು ವರ್ಷಗಟ್ಟಲೆ ಹೇಳಿದರು. ಒಂದು ಸಂಜೆ ಬೆಟ್ಟದ ಮೇಲಿನ ವಸತಿಗೃಹದ ಮೆಟ್ಟಿಲಲ್ಲಿ ಕೂತಾಗ, ಗದ್ದಲದ ನಡುವೆ ಕನ್ನಡ ವಾರ್ತೆಯ ಎರಡು ಮೂರು ವಾಕ್ಯ ಸಿಕ್ಕಿತಂತೆ. ಏನು ವಾರ್ತೆ ಎಂದು ಕೇಳಿದರೆ, ಅದ್ಯಾರಿಗೆ ಬೇಕಿತ್ತು ಮಾರಾಯ್ತಿ ಎನ್ನುತ್ತಿದ್ದರು. ಆಮೇಲೂ ಎಷ್ಟೋ ಸಲ ಹೋದರು. ತಮ್ಮನೂ ಜಗಳವಾಡುವುದನ್ನು ಬಿಟ್ಟು ಬಸ್‌ಸ್ಟ್ಯಾಂಡಿಗೆ ಬಂದು ಕಳಿಸುವಷ್ಟು ಬದಲಾದರು.

ನಾನು ಮದುವೆಯಾಗಿ ಶೃಂಗೇರಿಗೆ ಬಂದೆ. ಆ ಸಂಜೆಯ ಬಗ್ಗೆ ನಾವಿಬ್ಬರೂ ಯಾವತ್ತೂ ಮಾತಾಡಲಿಲ್ಲ. ಆದರೆ ಪ್ರತಿ ಬೇಸಿಗೆಯ ಮೊದಲ ಗುಡುಗಿಗೆ ಅವರ ಫೋನು ಬರುತ್ತಿತ್ತು. ಅಲ್ಲಿಯ ರೇಡಿಯೋದಲ್ಲಿ ಚಟ್ ಎಂದರೆ ಇಲ್ಲಿ ನನ್ನ ಫೋನು ಹೊಡೆದುಕೊಳ್ಳುತ್ತಿತ್ತು. ಕ್ಷೇಮಸಮಾಚಾರವೂ ಇಲ್ಲ.

"ಒಳಗಿದ್ದೀಯಾ?"

"ಒಳಗಿದ್ದೇನೆ ಟೀಚರ್."

ಇಟ್ಟುಬಿಡುತ್ತಿದ್ದರು. ನನ್ನ ಗಂಡ ಮೊದಮೊದಲು, ಇದೆಂಥ ಮಾತು ಎಂದು ನಗುತ್ತಿದ್ದರು. ಅವರಿಗೂ ನಾನು ಹೇಳಿರಲಿಲ್ಲ.

ಕೊನೆಯ ಕಾಯಿಲೆಯಲ್ಲಿ ಟೀಚರ್ ಸೀತೂರಿನ ತಮ್ಮನ ಮನೆಯಲ್ಲಿದ್ದರು. ಹೋದ ವರ್ಷ ತೀರಿಕೊಂಡರು. ತಮ್ಮನೇ ಅವರ ರೇಡಿಯೋವನ್ನು ಆ ರೆಕ್ಸಿನ್ ಚೀಲದ ಸಮೇತ ನನಗೆ ತಂದುಕೊಟ್ಟರು. ಯಾರೂ ತೆಗೆಯದೆ ಸೆಲ್ ಒಳಗೇ ಸೋರಿ, ಸ್ಪ್ರಿಂಗಿನ ಮೇಲೆ ಹಸಿರು ಉಪ್ಪು ಹಿಡಿದಿತ್ತು. ರಿಪೇರಿಯವರು ಕೈಚೆಲ್ಲಿದರು. ಅದು ಈಗ ನನ್ನ ಬೀರುವಿನಲ್ಲಿದೆ, ಏನೂ ಹೇಳುವುದಿಲ್ಲ. ಆ ಬಯಲಿನಲ್ಲಿ ಇದ್ದವರು ಇಬ್ಬರೇ. ಸಿಡಿಲು ನಿಜವಾಗಿಯೂ ಅಷ್ಟು ಹತ್ತಿರ ಬಿದ್ದಿತ್ತೇ, ಮೊದಲು ನಿಂತವರು ನೀವೇನಾ, ನಾನು ಕೂಗಿದೆನಾ... ಇದನ್ನೆಲ್ಲ ಕೇಳುವುದಕ್ಕೆ ಈಗ ಯಾರೂ ಇಲ್ಲ.

ಕೊಪ್ಪದ ಅಂಗಡಿಯವರು ಎರಡೂ ಸೆಟ್‌ಗಳಿಗೆ ಸೆಲ್ ಹಾಕಿ ಕೊಟ್ಟರು. ಒಳಗಿನ ದೀಪದ ಗದ್ದಲ ಬೇಡವೆಂದು ನಾನು ಅವನ್ನು ಹಿಡಿದು ರಸ್ತೆಯ ಅಂಚಿಗೆ ಬಂದೆ. ಒಂದರಲ್ಲಿ ಹಾಡು ನೀರಿನ ಹಾಗೆ ಹರಿಯಿತು. ಇನ್ನೊಂದರಲ್ಲಿ ಅದೇ ಹಾಡಿನ ನಡುವೆ ಚಟ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ.

"ಅದು ಬೇಡ ಮೇಡಂ, ಗಲಾಟೆ ಇದೆ. ವಾಪಸ್ ಕಳಿಸ್ತೀನಿ," ಎಂದರು ಅವರು.

ನಾನು ಶೃಂಗೇರಿ ರಸ್ತೆಯ ಮೇಲಿನ ಆಕಾಶ ನೋಡಿದೆ. ಇಲ್ಲಿ ಬಿಸಿಲು, ಅಲ್ಲಿ ಕಪ್ಪು. ಈ ವರ್ಷದ ಗುಡುಗಿನ ಮೋಡ ಇದೇ ಮೊದಲು. ಅಂಗಡಿಯ ಒಳಕ್ಕೆ, ಗೋಡೆಯ ಹತ್ತಿರ ಬಂದು ನಿಂತು, ಇದೇ ಇರಲಿ ಎಂದು ಗಲಾಟೆಯ ಸೆಟ್ಟನ್ನು ಅವರ ಮುಂದಿಟ್ಟೆ. ಅವರು ಬಿಲ್ಲು ಬರೆದು ತಲೆ ಎತ್ತಿದಾಗ ನಾನು ಮೊಬೈಲನ್ನು ಅಂಗೈಯಲ್ಲಿ ಹಿಡಿದು ಅದನ್ನೇ ನೋಡುತ್ತಿದ್ದೆ. ಯಾವಾಗ ಚೀಲದಿಂದ ತೆಗೆದೆನೋ ಗೊತ್ತಿಲ್ಲ.

"ಯಾರದ್ದಾದ್ರೂ ಫೋನ್ ಬರೋದಿತ್ತಾ ಮೇಡಂ?"

ಇಲ್ಲ ಎಂದೆ. ದೂರದಲ್ಲಿ ಗುಡುಗಿತು. ಒಳಗಿದ್ದೇನೆ ಎಂದು ಒಬ್ಬರಿಗೆ ಹೇಳಬೇಕಿತ್ತು, ಅಷ್ಟೇ.