ಯುದ್ಧ ಆಗುವುದಿಲ್ಲ ಎಂದಿದ್ದೆ

ಬೂದಿಕೋಟೆಯ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಎರಡು ಮಹಾಯುದ್ಧಗಳ ಕಾರಣಗಳನ್ನೂ ಪುಸ್ತಕ ತೆರೆಯದೆ ಬೋರ್ಡಿನ ಮೇಲೆ ಬರೆಯಬಲ್ಲೆ. ಆದ್ದರಿಂದ ಮೂರನೆಯದೇನಾದರೂ ಬಂದರೆ ನನಗೆ ಮೊದಲೇ ತಿಳಿಯುತ್ತದೆ ಎಂದು ನಂಬಿದ್ದೆ.

ರಷ್ಯಾ ಉಕ್ರೇನಿನ ಗಡಿಗೆ ಸೈನ್ಯ ತಂದು ನಿಲ್ಲಿಸಿದ್ದ ದಿನಗಳು ಅವು. ನಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಅಕ್ಕನ ಮಗಳು ಅಲ್ಲಿನ ಹಾರ್ಕಿವ್ ನಗರದಲ್ಲಿ ಡಾಕ್ಟರ್ ಓದುತ್ತಿದ್ದಳು. ಹತ್ತನೇ ತರಗತಿಯಲ್ಲಿ ನನ್ನ ಮುಂದೆಯೇ ಕೂತಿದ್ದ ಹುಡುಗಿ. ಒಂದು ಮಧ್ಯಾಹ್ನ ಅಕ್ಕ ಸೌಟು ಹಿಡಿದುಕೊಂಡೇ ಸ್ಟಾಫ್ ರೂಮಿನ ಬಾಗಿಲಿಗೆ ಬಂದರು.

"ಸಾರ್, ಅಲ್ಲಿ ಯುದ್ಧ ಆಯ್ತದಂತೆ, ದಿಟವಾ? ಮಗೀನ ಬಂದ್ಬುಡು ಅನ್ಲಾ?"

ನಾನು ಅಟ್ಲಾಸ್ ಬಿಚ್ಚಿದೆ. ಸೋವಿಯತ್ ಒಕ್ಕೂಟ ಒಡೆದದ್ದು, ಉಕ್ರೇನ್ ಬೇರೆ ದೇಶವಾದದ್ದು, ಅದು ಪಶ್ಚಿಮದ ಸೇನಾಕೂಟದ ಕಡೆ ವಾಲಿದ್ದಕ್ಕೆ ರಷ್ಯಾ ಸಿಡಿದದ್ದು, ಕ್ರೈಮಿಯಾ ಕಿತ್ತುಕೊಂಡದ್ದು, ಪೂರ್ವದ ಪ್ರಾಂತ್ಯಗಳಲ್ಲಿ ವರ್ಷಗಟ್ಟಲೆ ಗುಂಡು ಹಾರುತ್ತಿದ್ದದ್ದು, ಎಲ್ಲವನ್ನೂ ಅರ್ಧ ಗಂಟೆ ವಿವರಿಸಿದೆ. ಕಾರಣಗಳೆಲ್ಲ ಸರಿಯಾಗಿಯೇ ಇದ್ದವು. ಕೆಟ್ಟದ್ದು ಕೊನೆಯಲ್ಲಿ.

"ಇದೆಲ್ಲ ಬರೀ ಹೆದರಿಸೋದು ಅಕ್ಕ. ಅವರ ಗ್ಯಾಸ್ ಯುರೋಪಿಗೆ ಹೋಗಬೇಕು, ಯುರೋಪಿನ ದುಡ್ಡು ಅವರಿಗೆ ಬರಬೇಕು. ಯುದ್ಧ ಆಗಲ್ಲ. ಪರೀಕ್ಷೆ ಮುಗಿಸಿಕೊಂಡೇ ಬರಲಿ."

ಅಕ್ಕ ಭೂಪಟದ ಕಡೆ ನೋಡಲಿಲ್ಲ. "ಗಡೀಲಿರೋ ಅಷ್ಟು ಜನಕ್ಕೆ ಮೂರೊತ್ತೂ ಬೇಯ್ಸಿ ಆಕ್ತವ್ರೆ ಸಾರ್. ಸುಮ್ನೆ ನಿಂತ್ಕೊಂಡು ವಾಪಸ್ ಓಗಾಕೆ ಯಾರಾನಾ ಅಷ್ಟು ದೂರ ಪಾತ್ರೆ ಒತ್ಕೊಂಡು ಬತ್ತಾರಾ?"

"ಅಡುಗೆ ಬೇರೆ, ರಾಜಕೀಯ ಬೇರೆ ಅಕ್ಕ" ಎಂದು ನಕ್ಕೆ. ಆ ನಗು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಯುದ್ಧ ಶುರುವಾದ ಸುದ್ದಿ ನನಗೆ ಬೆಳಿಗ್ಗೆ ಶಾಲೆಗೆ ಹೊರಟಾಗ, ರಾಬರ್ಟ್‌ಸನ್‌ಪೇಟೆಯಿಂದ ಬರುವ ಬಸ್ಸಿನಲ್ಲಿ, ಪಕ್ಕದವರ ಮೊಬೈಲಿನಿಂದ ಕೇಳಿಸಿತು. ಉತ್ತರ, ಪೂರ್ವ, ದಕ್ಷಿಣ, ಮೂರು ಕಡೆಯಿಂದಲೂ ನುಗ್ಗಿದ್ದರು. ಹಾರ್ಕಿವ್ ಗಡಿಯ ಮಗ್ಗುಲಲ್ಲೇ ಇತ್ತು. ಬಂಗಾರಪೇಟೆಯಲ್ಲಿ ಇಳಿದವನು ಬೂದಿಕೋಟೆಯ ಒಂದು ಬಸ್ಸನ್ನು ಬೇಕೆಂದೇ ಬಿಟ್ಟೆ.

ಅಡುಗೆ ಕೋಣೆಯಲ್ಲಿ ಅಕ್ಕ ಅಕ್ಕಿ ತೊಳೆಯುತ್ತಿದ್ದರು. ಮಗಳು ಹಾಸ್ಟೆಲಿನ ನೆಲಮಾಳಿಗೆಯಲ್ಲಿದ್ದಾಳೆ ಎಂದಷ್ಟೇ ಹೇಳಿದರು. ನನ್ನನ್ನು ಏನೂ ಕೇಳಲಿಲ್ಲ. ಅದು ತಡೆಯಲಾರದೆ ನಾನೇ ಬಾಯಿ ಹಾಕಿದೆ: "ಮೂರು ದಿನದಲ್ಲಿ ರಾಜಧಾನಿ ಬೀಳುತ್ತೆ, ಆಮೇಲೆ ಎಲ್ಲ ತಣ್ಣಗಾಗುತ್ತೆ." ಮೂರು ದಿನ ಕಳೆಯಿತು, ವಾರ ಕಳೆಯಿತು. ರಾಜಧಾನಿ ಬೀಳಲಿಲ್ಲ. ಅಷ್ಟರಲ್ಲಿ ಹುಡುಗಿ ನಗರದಿಂದ ನಡೆದೇ ಹೊರಬಿದ್ದು, ನಿಲ್ಲಲೂ ಜಾಗವಿಲ್ಲದ ರೈಲಿನಲ್ಲಿ ಪಶ್ಚಿಮಕ್ಕೆ ಹೋಗಿ, ಪೋಲೆಂಡಿನ ಗಡಿ ದಾಟಿದಳು. ನನ್ನ ಮಾತು ಕೇಳಿಯೇ ಅವಳು ಅಲ್ಲಿ ಉಳಿದದ್ದು ಎಂಬ ಯೋಚನೆ ಬಿಡಲೇ ಇಲ್ಲ.

ಊರಿಗೆ ಬಂದ ಮೇಲೆ ಒಂದು ದಿನ ಶಾಲೆಗೆ ಬಂದಳು. ಸೊರಗಿದ್ದಳು. ಹೊಂಗೆ ಮರದ ಕೆಳಗೆ ಕರೆದು, "ನಂದೇ ತಪ್ಪಮ್ಮ, ಕ್ಷಮಿಸು" ಎಂದೆ.

"ಯಾಕ್ ಸಾರ್?"

ನಾನು ಕೊಟ್ಟ ಸಲಹೆಯನ್ನು ತಲೆ ತಗ್ಗಿಸಿ ಒಪ್ಪಿಸಿದೆ.

"ಅಮ್ಮ ಅದನ್ನ ಏಳ್ಲೇ ಇಲ್ವಲ್ಲ ಸಾರ್! ದಿನಾ ಫೋನ್ ಮಾಡಿ ಬಾ ಬಾ ಅಂತಾನೇ ಬೈತಿದ್ಲು. ಹಾಜರಿ ಓಗ್ತದೆ ಅಂತ ನಾನೇ ನಿಂತೆ."

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಒಂದೆರಡು ನಿಮಿಷ ಕಳೆದ ಮೇಲೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ಸ್ವಲ್ಪ ಅವಮಾನವೂ ಆಯಿತು. ಅಟ್ಲಾಸ್ ಸಮೇತ ಮಾಡಿದ ಪಾಠವನ್ನು ಅಕ್ಕ ಅಡುಗೆ ಕೋಣೆಯ ತನಕವೂ ಒಯ್ದಿರಲಿಲ್ಲ.

ಹುಡುಗಿ ಬೇರೊಂದು ದೇಶದಲ್ಲಿ ಓದು ಮುಗಿಸಿದಳು. ಈಗ ಉರಿಗಾಂನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೂರುತ್ತಾಳೆ. ಅತ್ತ ಉಕ್ರೇನಿನಲ್ಲಿ, ಪೂರ್ವದ ಕಂದಕಗಳಲ್ಲಿ ಕೂತು ಒಂದೊಂದು ಹಳ್ಳಿಗೂ ತಿಂಗಳುಗಟ್ಟಲೆ ಕಾದಾಡುವ ಯುದ್ಧ ಅದಾಯಿತು. ಯಾವಾಗ ಮುಗಿಯುತ್ತದೆ ಎಂದು ಮಕ್ಕಳು ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ. ಆ ಮಾತು ನನ್ನ ಬಾಯಿಗೆ ಒಗ್ಗಲು ತುಂಬಾ ಕಾಲ ಹಿಡಿಯಿತು.

ಹೋದ ತಿಂಗಳು ಗಂಟಲು ಕಟ್ಟಿ ಅವಳ ಹತ್ತಿರವೇ ಹೋಗಿದ್ದೆ. ಟಾರ್ಚ್ ಹಾಕಿ ನೋಡಿ, ಚೀಟಿ ಬರೆದು ಕೊಟ್ಟಳು.

"ಮಾತ್ರೆಗಿಂತ ಇದು ಮುಖ್ಯ ಸಾರ್. ಒಂದು ವಾರ ಮಾತಾಡ್ಬೇಡಿ."